ಅಕ್ಕ ಕೈಗಿಟ್ಟ ಹಗ್ಗ

‘ನಿಂದು ಭಾಳ ಗಟ್ಟಿ ಕೈ, ಬಿಡೋ’ ಎಂದು ಯಾರಾದರೂ ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಗಳಿದವರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ, ಇವನಿಗೆ ಸೊಕ್ಕು ಎನ್ನುತ್ತಾರೆ. ಅನ್ನಲಿ. ಈ ಗಟ್ಟಿ ಕೈಯ ದೆಸೆಯಿಂದಲೇ ನಾನು ಕಡಲ ಕಡೆಯ ಕಾಡಿನಲ್ಲಿ, ಸುರಿಯುವ ಮಳೆಯಲ್ಲಿ, ಗ್ರಾನೈಟ್ ಗೋಡೆಯ ಅರ್ಧದಲ್ಲಿ ನಿಂತು ಒಬ್ಬ ಮನುಷ್ಯನ ಇಡೀ ಭಾರವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದೆ. ಆ ಮನುಷ್ಯ ನನ್ನ ಅಕ್ಕನ ಗಂಡ.

ನಮ್ಮದು ಗಡಿಯಾಚೆ, ಮಹಾರಾಷ್ಟ್ರದ ಜತ್ತ ತಾಲೂಕಿನ ತಿಕೋಂಡಿ. ಅಕ್ಕನ ಗಂಡನನ್ನು ನಾವು ದಾಜಿ ಎಂದು ಕರೆಯುತ್ತೇವೆ, ಹೆಂಡತಿಯ ತಮ್ಮನನ್ನು ಅವರು ಅಳಿಯ ಎನ್ನುತ್ತಾರೆ. ದಾಜಿಯೂ ನಾನೂ ಬಾವಿ ತೋಡುವವರು. ಬಾವಿಯ ಬಾಯಿಗೆ ಯಾರಿ, ಅಂದರೆ ಭಾರ ಎತ್ತುವ ಮೋಟಾರು ಯಂತ್ರ, ನಿಲ್ಲಿಸುತ್ತೇವೆ. ಅದರ ಬುಟ್ಟಿಯಲ್ಲಿ ಕಲ್ಲು ಒಡೆಯುವವನು ಕೆಳಗೆ ಇಳಿಯುತ್ತಾನೆ, ಅದೇ ಬುಟ್ಟಿಯಲ್ಲಿ ಒಡೆದ ಕಲ್ಲು ಮೇಲೆ ಬರುತ್ತದೆ. ಯಾರಿಯ ತಂತಿ ಯಾವಾಗ ಕೈಕೊಡುತ್ತದೋ ಹೇಳಲಾಗದು. ಅದಕ್ಕೆ ಇಳಿಯುವವನ ಸೊಂಟಕ್ಕೆ ಬೇರೆಯೇ ಒಂದು ಹಗ್ಗ. ಅದರ ತುದಿಯನ್ನು ಮೇಲೆ ಹಿಡಿದು ನಿಲ್ಲುವವನು ಅವನ ಹೆಂಡತಿಯ ತಮ್ಮನೇ ಆಗಬೇಕು. ಬೇರೆ ಯಾರು ಬಿಟ್ಟರೂ ಬಿಟ್ಟಾರು, ಅಕ್ಕನ ಕುಂಕುಮ ಕಾಯುವ ತಮ್ಮ ಬಿಡುವುದಿಲ್ಲ ಎಂಬ ಲೆಕ್ಕ. ಕೆಲಸ ಹಿಡಿಯುವ ದಿನ ಕಾಯಿ ಒಡೆದ ಮೇಲೆ ಹೆಂಡತಿಯೇ ಬಂದು ಹಗ್ಗದ ತುದಿಯನ್ನು ತಮ್ಮನ ಕೈಯಲ್ಲಿ ಇಡುತ್ತಾಳೆ. ‘ನಿನ್ನ ಕೈಯಾಗ ಕೊಟ್ಟೀನಿ’ ಎಂದು ಒಂದು ಮಾತು ಹೇಳುತ್ತಾಳೆ. ಸುತ್ತಲಿನವರು ತಲೆ ಆಡಿಸುತ್ತಾರೆ.

ನಮ್ಮ ಮನೆಗೆ ಗಂಡುಮಗ ನಾನೊಬ್ಬನೇ. ಮೀಸೆ ಚಿಗುರಿದಾಗಿನಿಂದ ದಾಜಿಯ ಹಗ್ಗ ನನ್ನ ಪಾಲು. ಎಷ್ಟೋ ಬಾವಿಗಳಲ್ಲಿ ಹಿಡಿದಿದ್ದೇನೆ. ಒಂದು ಸಲವೂ ಅದರ ಮೇಲೆ ದಾಜಿಯ ಭಾರ ಬಿದ್ದಿರಲಿಲ್ಲ. ಹೀಗಾಗಿ ಅದೊಂದು ಮಾನದ ಕೆಲಸ, ಮದುವೆಯಲ್ಲಿ ಅಂತರಪಟ ಹಿಡಿದ ಹಾಗೆ, ಎಂದು ಎಲ್ಲರೂ ತಿಳಿದುಕೊಂಡಿದ್ದರು.

ಒಬ್ಬ ಗುತ್ತಿಗೆದಾರನ ಮನುಷ್ಯ ನಮ್ಮ ಸೀಮೆಗೆ ಬಂದದ್ದು, ಹಗ್ಗದಲ್ಲಿ ತೂಗಾಡುತ್ತಲೇ ಕಲ್ಲು ಒಡೆಯಬಲ್ಲವರನ್ನು ಹುಡುಕಿಕೊಂಡು. ಕರಾವಳಿಯ ಕಾಡಿನೊಳಗೆ ಒಂದು ಹೊಳೆ, ಹೊಳೆಯ ಪಕ್ಕ ಕಡಲದಂಡೆಯ ಊರುಗಳಿಗೆ ಕುಡಿಯುವ ನೀರು ಒಯ್ಯುವ ಪೈಪು, ಪೈಪಿನ ನೆತ್ತಿಯ ಮೇಲೆಯೇ ನೆಟ್ಟಗೆ ಎದ್ದ ಗ್ರಾನೈಟ್ ಗೋಡೆ. ಮಳೆ ಹಿಡಿದ ಕೂಡಲೇ ಗೋಡೆಯಿಂದ ಒಂದು ಚಪ್ಪಡಿ ಕಳಚಿ ಪೈಪು ಜಜ್ಜಿಹೋಗಿತ್ತು. ಅದನ್ನು ಸರಿ ಮಾಡಿದ್ದರು, ಆದರೆ ಮೇಲೆ ಇನ್ನೂ ಸಡಿಲ ಚಪ್ಪಡಿಗಳಿದ್ದವು. ಅವು ತಾವಾಗಿ ಬೀಳುವ ಮೊದಲು ನಾವು ಸಣ್ಣ ಸಣ್ಣದಾಗಿ ಕೆಡವಬೇಕು. ದಾಜಿ, ನಾನು, ಮತ್ತು ನಮ್ಮ ಜೊತೆ ಬಹಳ ವರ್ಷದಿಂದ ಕೆಲಸ ಮಾಡಿದ ಬಿಳೂರಿನ ಗೆಳೆಯ, ಮೂವರೂ ಹೊರಟೆವು. ಅಕ್ಕ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಬಾಗಿಲಲ್ಲಿ ನಿಂತು ನನ್ನ ಬರಿಗೈಯನ್ನೇ ಹಿಡಿದು ಅದೇ ಮಾತು ಹೇಳಿದಳು. ಈ ಸಲ ಹಗ್ಗ ಇರಲಿಲ್ಲ, ಮಾತು ಮಾತ್ರ ಇತ್ತು.

ಅಲ್ಲಿಯ ಉಸ್ತುವಾರಿ ಕರಾವಳಿಯವರೇ ಆದ ಒಬ್ಬ ಇಂಜಿನಿಯರ್ ಮೇಡಂದು. ಮೊದಲು ಹಳೆಯ ಕಲ್ಲುಕ್ವಾರಿಯೊಂದರಲ್ಲಿ ನಮಗೆ ಹೊಸ ಪದ್ಧತಿ ಕಲಿಸಿದರು. ಒಬ್ಬನಿಗೆ ಎರಡು ಹಗ್ಗ. ಒಂದು ಕೆಲಸದ ಹಗ್ಗ, ಅದರಲ್ಲಿ ಕೂತು ಕೆಲಸ ಮಾಡುವುದು. ಇನ್ನೊಂದು ಜೀವದ ಹಗ್ಗ, ಮೊದಲನೆಯದು ಹೋದರೆ ತಡೆಯುವುದು. ಎರಡನ್ನೂ ಕಲ್ಲಿನಲ್ಲಿ ಕೂರಿಸಿದ ಬೇರೆ ಬೇರೆ ಬೋಲ್ಟಿಗೆ ಕಟ್ಟಬೇಕು.

‘ಮನುಷ್ಯ ಹಿಡಿಯುವುದು ಬೇಡ. ಮನುಷ್ಯನಿಗೆ ಕೆಮ್ಮು ಬರ್ತದೆ, ಸೊಳ್ಳೆ ಕಚ್ತದೆ. ಬೋಲ್ಟಿಗೆ ಅದೆಲ್ಲ ಇಲ್ಲ’ ಎಂದರು ಮೇಡಂ.

ನನಗೆ ಆ ಮಾತು ಬೆಲ್ಲ ತಿಂದಷ್ಟು ಹಿತವಾಯಿತು. ದಾಜಿ ಮಾತ್ರ ನನ್ನ ಕಡೆ ನೋಡಿ ನಕ್ಕರು. ಆ ನಗೆಯ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು.

ಗೋಡೆಯ ಬುಡಕ್ಕೆ ಹೋಗಲು ಸೊಂಟದುದ್ದ ನೀರಿನಲ್ಲಿ ಹೊಳೆ ದಾಟಿ, ಬಿದಿರಿನ ಮೆಳೆ ನುಸುಳಿ ಹೋಗಬೇಕು. ರಕ್ತ ಹೀರುವ ಉಂಬಳ ಕಾಲಿಗೆ ಹತ್ತಿದರೆ ಗೊತ್ತೇ ಆಗದು. ರೊಟ್ಟಿ ಒಂದು ವಾರದಲ್ಲಿ ಬೂಸು ಹಿಡಿದು ಹಸಿರಾಯಿತು. ಕಟಕ ರೊಟ್ಟಿ ಮೆತ್ತಗಾದದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ‘ಇಲ್ಲಿ ರೊಟ್ಟಿಗೂ ಹಲ್ಲು ಬ್ಯಾಡೋ ಮಾರಾಯ, ಕುಡೀಬೌದು’ ಎಂದ ಬಿಳೂರಿನ ಗೆಳೆಯ. ಆಮೇಲೆ ಮೂರು ಹೊತ್ತೂ ಗಂಜಿಯೇ ಗತಿ.

ಗೋಡೆಯ ನೆತ್ತಿಗೆ ಹಿಂದಿನಿಂದ ಹೋಗಲು ದಾರಿ ಇರಲಿಲ್ಲ. ಅಲ್ಲಿ ಕಾಡು ಕಡಿದಾಗಿ ಇಳಿದಿತ್ತು, ಮಣ್ಣು ಮಳೆಗೆ ಜಾರುತ್ತಿತ್ತು. ಕೆಳಗಿನಿಂದಲೇ ಹತ್ತಬೇಕು. ಮುಂದೆ ಹತ್ತುವವರು ದಾಜಿ. ಡ್ರಿಲ್ ಮಷೀನಿನಿಂದ ತೂತು ಹೊಡೆಯುವುದು, ಕೈಪಂಪಿನಿಂದ ತೂತಿನ ಪುಡಿ ಊದುವುದು, ಬೋಲ್ಟು ಕೂರಿಸಿ ಪಾನಾದಿಂದ ಬಿಗಿಯುವುದು, ಅದಕ್ಕೆ ಪಟ್ಟಿಯ ಏಣಿ ಸಿಕ್ಕಿಸಿ ಮೇಲೆ ನಿಂತು ಇನ್ನೊಂದು ತೂತು. ನಮ್ಮ ಕಡೆಯ ಕರಿಗಲ್ಲಿನಲ್ಲಿ ಪುಡಿ ಒಣಗಿದ್ದು, ಊದಿದರೆ ಹಾರಿ ಹೋಗುತ್ತದೆ. ಇಲ್ಲಿ ನೀರು ಇಳಿದು ಪುಡಿ ಅಂಟಾಗುತ್ತಿತ್ತು. ಅಂಟು ಉಳಿದರೆ ಬೋಲ್ಟು ಹಿಡಿತ ಕೊಡುವುದಿಲ್ಲ. ದಾಜಿ ಪ್ರತಿ ತೂತನ್ನೂ ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಊದಿ, ಮತ್ತೆ ಒರೆಸುತ್ತಿದ್ದರು. ಕೆಲಸದಲ್ಲಿ ಅವರಿಗೆ ಎರಡು ಮಾತಿಲ್ಲ. ಸಿಟ್ಟಿದೆ ಎಂದು ಸುಳ್ಳು ಹೇಳಲಾರೆ.

ಹತ್ತುವಾಗ ಕೆಳಗಿನಿಂದ ಹಗ್ಗ ಬಿಡುತ್ತಾ ಹೋಗುವ ಕೆಲಸ ನನ್ನದು. ಆಗ ಮನುಷ್ಯ ಹಿಡಿಯುವುದೇ ಪದ್ಧತಿ. ಹಗ್ಗ ನನ್ನ ಸೊಂಟದ ಬ್ರೇಕಿನಲ್ಲಿ ಹಾದು ಹೋಗುತ್ತಿತ್ತು, ಕೈ ಜಾರಿದರೂ ಬ್ರೇಕು ಕಚ್ಚುತ್ತಿತ್ತು. ದಾಜಿ ಮೇಲಿನಿಂದ ಕೂಗುತ್ತಿದ್ದರು: ‘ಹಿಡದಿಯೇನಪಾ?’ ನಾನು ‘ಹಿಡದೀನ್ರಿ’ ಎನ್ನುತ್ತಿದ್ದೆ. ಬಾವಿಯಲ್ಲಿ ಕೂಗುವ ಮಾತೇ. ಮಳೆ ಬಿಟ್ಟಾಗ ಹತ್ತಿ, ಹುಚ್ಚೆದ್ದಾಗ ಇಳಿದು, ಕೊನೆಗೆ ಗೋಡೆಯ ನಡುವೆ ಒಂದು ಕಟ್ಟೆಯಂಥ ಜಾಗ ಮುಟ್ಟಿದೆವು. ಎತ್ತಿನ ಬಂಡಿ ನಿಲ್ಲುವಷ್ಟು ಅಗಲ, ಅಂಚಿನಲ್ಲಿ ಒಂದು ಗಿಡ್ಡ ಮರ. ಸಡಿಲ ಚಪ್ಪಡಿಗಳೆಲ್ಲ ಅದರ ಕೆಳಗೇ ಇದ್ದವು. ಬಿಳೂರಿನ ಗೆಳೆಯ ಕಟ್ಟೆಯ ಹಿಂಬದಿಯ ಗಟ್ಟಿ ಕಲ್ಲಿನಲ್ಲಿ ಬೋಲ್ಟುಗಳನ್ನು ಕೂರಿಸಿದ. ಬೋಲ್ಟಿಗೆ ಹಗ್ಗ ಕಟ್ಟುವ ಜವಾಬ್ದಾರಿಯೂ ಅವನದೇ. ಮೇಡಂ ದಿನಾ ಬೆಳಿಗ್ಗೆ ಕಟ್ಟೆಯವರೆಗೆ ಹತ್ತಿ ಬಂದು ಒಂದೊಂದು ಗಂಟನ್ನೂ ಮುಟ್ಟಿ ನೋಡಿ ಕೆಳಗೆ ಇಳಿಯುತ್ತಿದ್ದರು. ಆಮೇಲೆ ಪೈಪಿನ ಹತ್ತಿರ ವಾಕಿಟಾಕಿ ಹಿಡಿದು ಕೂರುತ್ತಿದ್ದರು.

ಅವರು ಕೆಳಗೆ ಇಳಿದ ಮರುಗಳಿಗೆಗೆ ದಾಜಿ ತಮ್ಮ ಜೀವದ ಹಗ್ಗವನ್ನು ಬೋಲ್ಟಿನಿಂದ ಬಿಚ್ಚಿ, ತುದಿಯನ್ನು ನನ್ನ ಕೈಗೆ ಕೊಟ್ಟರು.

‘ದಾಜಿ, ಇದೇನ್ರಿ?’

‘ಏನು ಅಂದ್ರ? ಹಿಡಿ.’

‘ಬೋಲ್ಟ್ ಐತಲ್ರಿ.’

‘ಅದಕ್ಕ ಅಕ್ಕ ಅದಾಳೇನು? ನಿನಗ ಅದಾಳ. ಹಿಡಿ ಸುಮ್ಕ.’

ನಾನು ಮರಕ್ಕೆ ಒಂದು ಸುತ್ತು ಹಾಕಿ, ಬೆನ್ನ ಹಿಂದಿನಿಂದ ತಂದು ಹಿಡಿದು ನಿಂತೆ. ಬಿಳೂರಿನ ಗೆಳೆಯ ಸುಮ್ಮನಿರಲಿಲ್ಲ. ‘ಮಾಮಾ, ನಾ ಕಟ್ಟಿದ್ದ ಗಂಟು ನೀವು ಬಿಚ್ಚಬ್ಯಾಡ್ರಿ, ಮೇಡಂ ನೋಡಿದ್ರ ಕೆಲಸ ಹೋಗ್ತದ’ ಎಂದ. ‘ಇದು ನಮ್ಮ ಮನಿ ವ್ಯವಹಾರ, ನೀ ನಡಬರಕ ಬರಬ್ಯಾಡ’ ಎಂದರು ದಾಜಿ. ಮರುದಿನವೂ ಹೇಳಿದ, ಮರುದಿನವೂ ಅದೇ ಉತ್ತರ. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗೆ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಒಲ್ಲೆ ಎಂದರೆ ಅಕ್ಕನ ಗಂಡನ ಜೀವ ಒಲ್ಲೆ ಎಂದಂತೆ. ಯಾವ ತಮ್ಮ ಹಾಗೆ ಅಂದಾನು? ಇಬ್ಬರ ಎದುರಲ್ಲ, ಇಡೀ ತಿಕೋಂಡಿಯ ಎದುರು ನಿಂತಂತೆ ಅನಿಸುತ್ತಿತ್ತು. ಒಳಗೊಳಗೇ ಕುದಿಯುತ್ತಾ ಹಿಡಿದೆ. ಸಂಜೆ ದಾಜಿ ಮೇಲೆ ಬಂದು ಬೆನ್ನು ತಟ್ಟಿ ‘ಗಟ್ಟಿ ಕೈ’ ಎಂದಾಗ ಆ ಕೈಯಿಂದಲೇ ಒಂದು ಬಿಡಬೇಕು ಅನಿಸುತ್ತಿತ್ತು.

ನಮ್ಮ ಕರಿಗಲ್ಲು ನಿಂತ ಕಂಬಗಳ ಹಾಗೆ ಸೀಳುತ್ತದೆ. ಹಾರೆ ಹಾಕಿ ಮೀಟಿದರೆ ತುಂಡು ನೇರ ಕೆಳಗೆ. ಗ್ರಾನೈಟಿನ ಗುಣವೇ ಬೇರೆ. ಅದು ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ, ಪದರದ ಹಿಂದೆ ನೀರು ತುಂಬಿದ್ದರೆ ಯಾವ ಕಡೆ ಹೋಗುತ್ತದೆ ಎಂದು ಹೇಳಲಾಗದು. ಅದಕ್ಕೆ ಮೇಡಂ, ದೊಡ್ಡ ಚಪ್ಪಡಿ ಇದ್ದರೆ ಮೊದಲು ತಂತಿಯಿಂದ ಬಿಗಿದು ಆಮೇಲೆ ಮೀಟಿ ಎಂದಿದ್ದರು. ಆ ದಿನ ದಾಜಿ ಒಂದು ಚಪ್ಪಡಿಯನ್ನು ಹಾರೆಯಿಂದ ತಟ್ಟಿ ನೋಡಿ, ಸಣ್ಣದು, ತಂತಿ ಬೇಡ ಎಂದರು. ಕೆಳ ಅಂಚಿಗೆ ಹಾರೆ ಹಾಕಿದರು. ಮಳೆ ಜೋರಾಗಿತ್ತು, ನನಗೆ ಅವರ ಹಳದಿ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು.

ಚಪ್ಪಡಿ ಕೆಳಗೆ ಬೀಳಲಿಲ್ಲ. ಹಿಂದೆ ತುಂಬಿದ್ದ ನೀರು ಪಿಚಕಾರಿಯಂತೆ ಚಿಮ್ಮಿತು, ಚಪ್ಪಡಿ ಪಕ್ಕಕ್ಕೆ ಜಾರಿತು, ಜಾರುತ್ತಾ ದಾಜಿಯ ಕೆಲಸದ ಹಗ್ಗವನ್ನು ಗೋಡೆಗೆ ಒತ್ತಿ ಕತ್ತರಿಸಿಕೊಂಡು ಹೋಯಿತು. ಕೆಳಗೆ ಅದು ಹೊಳೆಗೆ ಬಿದ್ದ ಸದ್ದು ಬಂದಾಗ ದಾಜಿಯ ಭಾರವೆಲ್ಲ ನನ್ನ ಮೇಲೆ ಇತ್ತು.

ಹಗ್ಗ ಒಮ್ಮೆಲೇ ಎಳೆದು ನನ್ನನ್ನು ಮರಕ್ಕೆ ಬಡಿಯಿತು. ಮರಕ್ಕೆ ಹಾಕಿದ ಒಂದು ಸುತ್ತು ಇರದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮರದ ತೊಗಟೆಗೆ ಪಾಚಿ, ಹಗ್ಗಕ್ಕೆ ನೀರು, ಕೈಗವಸಿಗೆ ಕೆಸರು. ನಾನು ಬಿಗಿದಷ್ಟೂ ಹಗ್ಗ ಒಂದೊಂದು ಬೆರಳು ಜಾರುತ್ತಿತ್ತು. ಬೋಲ್ಟು ನನ್ನಿಂದ ಎರಡೇ ಮಾರು ದೂರದಲ್ಲಿ ಹೊಳೆಯುತ್ತಿತ್ತು. ಒಂದು ಕೈ ಬಿಟ್ಟರೆ ತಾನೆ ಕಟ್ಟುವುದು? ಎದೆಗೆ ಸಿಕ್ಕಿಸಿದ ವಾಕಿಟಾಕಿಯಲ್ಲಿ ಮೇಡಂ ‘ಏನಾಯ್ತು, ಏನಾಯ್ತು’ ಎಂದು ಕೂಗುತ್ತಿದ್ದರು. ಅದರ ಗುಂಡಿ ಒತ್ತಲೂ ಕೈ ಇಲ್ಲ.

ಕೆಳಗಿನಿಂದ ದಾಜಿಯ ದನಿ ಬಂತು: ‘ಹಿಡದಿಯೇನಪಾ?’

ಹೆದರಿಕೆಯೇ ಇಲ್ಲದ ದನಿ ಅದು. ಬಾವಿಯಲ್ಲಿ ಕೇಳುವ ಹಾಗೇ ಕೇಳಿದರು. ಆ ನಂಬಿಕೆಗೆ ನನಗೆ ಬಂದಷ್ಟು ಸಿಟ್ಟು ಆ ಕಲ್ಲಿನ ಮೇಲೂ ಬರಲಿಲ್ಲ, ಮಳೆಯ ಮೇಲೂ ಬರಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದೆ: ‘ಇಲ್ರೀ! ಜಾರಾಕತ್ತೈತಿ! ಕಲ್ಲು ಹಿಡೀರಿ!’

ಬಿಳೂರಿನ ಗೆಳೆಯ ಕಟ್ಟೆಯ ಆ ತುದಿಯಲ್ಲಿ ಸಾಮಾನು ಎಳೆಯುತ್ತಿದ್ದವನು ಮಂಡಿಯ ಮೇಲೆ ತೆವಳುತ್ತಾ ಬಂದ. ಹಗ್ಗ ಕಚ್ಚುವ ಕ್ಲ್ಯಾಂಪನ್ನು ನನ್ನ ಕೈಯ ಮುಂದೆ ಹಗ್ಗಕ್ಕೆ ಹಾಕಿ, ಅದರ ಪಟ್ಟಿಯನ್ನು ಬೋಲ್ಟಿಗೆ ಸಿಕ್ಕಿಸಿದ. ‘ಬಿಡು’ ಎಂದ. ನನ್ನ ಬೆರಳು ಬಿಡಲು ಒಪ್ಪಲಿಲ್ಲ. ಒಂದೊಂದೇ ಬೆರಳನ್ನು ಅವನೇ ಬಿಡಿಸಿದ. ಭಾರ ಬೋಲ್ಟಿಗೆ ಹೋಯಿತು. ಬೋಲ್ಟು ಮಿಸುಕಲಿಲ್ಲ. ಆಮೇಲೆ ರಾಟೆ ಕಟ್ಟಿ ಇಬ್ಬರೂ ದಾಜಿಯನ್ನು ಮೇಲೆ ಎಳೆದುಕೊಂಡೆವು. ಅವರ ಭುಜ ತರಚಿತ್ತು, ಮತ್ತೇನೂ ಆಗಿರಲಿಲ್ಲ. ನನ್ನ ಗವಸು ಹರಿದು ಅಂಗೈಯ ಚರ್ಮ ಹಗ್ಗಕ್ಕೇ ಅಂಟಿಕೊಂಡು ಹೋಗಿತ್ತು.

ತಗಡಿನ ಶೆಡ್ಡಿನಲ್ಲಿ ಮೇಡಂ ನನ್ನ ಕೈಗೆ ಔಷಧ ಹಚ್ಚಿ ಬಟ್ಟೆ ಸುತ್ತಿದರು. ಸುತ್ತಿ ಮುಗಿಸಿ ಕೇಳಿದರು: ‘ಜೀವದ ಹಗ್ಗ ಬೋಲ್ಟಿನಲ್ಲಿ ಯಾಕೆ ಇರ್ಲಿಲ್ಲ?’

ದಾಜಿ ತಡಮಾಡಲಿಲ್ಲ. ‘ಗಂಟು ಬಿಚ್ಚಿತ್ರಿ ಮೇಡಂ. ಪುಣ್ಯಾಕ್ಕ ನಮ್ಮ ಅಳಿಯಾ ಹಿಡದಾ.’

ಗಂಟು ಕಟ್ಟಿದವನು ಬಿಳೂರಿನ ಗೆಳೆಯ. ಗಂಟು ಬಿಚ್ಚಿತು ಎಂದರೆ ತಪ್ಪು ಅವನದು, ಇನ್ನು ಯಾವ ಸೈಟಿನಲ್ಲೂ ಅವನ ಕೈಗೆ ಯಾರೂ ಹಗ್ಗ ಕೊಡುವುದಿಲ್ಲ. ದಾಜಿಯನ್ನು ಬದುಕಿಸಿದವನು ಅವನು. ಅವನು ದಲಿತ, ಬೌದ್ಧರ ಓಣಿಯವನು, ದಾಜಿಗಿಂತ ಚಿಕ್ಕವನು, ಎದುರು ಮಾತಾಡಲಿಕ್ಕಿಲ್ಲ ಎಂಬ ಧೈರ್ಯ ದಾಜಿಗೆ. ಮಾತಾಡಿದರೂ ದಾಜಿಯದೂ ನನ್ನದೂ ಒಂದೇ ಮಾತಾಗುತ್ತದೆ, ಅಳಿಯ ತಾನೆ, ಎಂಬ ಧೈರ್ಯ. ಹಗ್ಗದ ಹಾಗೇ ಸುಳ್ಳಿನ ತುದಿಯನ್ನೂ ನನ್ನ ಕೈಗೆ ಕೊಟ್ಟಿದ್ದರು. ಗೆಳೆಯ ಗಂಜಿಯ ತಾಟು ಕೆಳಗಿಟ್ಟು ನನ್ನ ಮುಖ ನೋಡಿದ.

‘ಗಂಟು ಬಿಚ್ಚಿಲ್ರಿ ಮೇಡಂ’ ಎಂದೆ. ‘ದಾಜಿನೇ ಬಿಚ್ಚಿದ್ರು. ದಿನಾ ಬಿಚ್ಚತಿದ್ರು. ನೀವು ಕೆಳಗ ಹೋದಕೂಡ್ಲೆ ಬಿಚ್ಚಿ ನನ್ನ ಕೈಯಾಗ ಕೊಡತಿದ್ರು. ಇಂವ ಬ್ಯಾಡ ಅಂದಿದ್ದ. ನಾಳಿಂದ ನಾ ಯಾರ ಹಗ್ಗಾನೂ ಹಿಡಿಯಾಂವಲ್ಲ.’

ಮೇಡಂ ರೇಗಾಡಲಿಲ್ಲ. ‘ನಿಮಗೆ ಇವರ ಮೇಲೆ ಅಷ್ಟು ನಂಬಿಕೆಯಾ?’ ಎಂದು ದಾಜಿಯನ್ನು ಕೇಳಿದರು. ‘ಹೌದ್ರಿ’ ಎಂದರು ದಾಜಿ, ತಲೆ ಎತ್ತಿ. ‘ಮತ್ತೆ ಇವರ ಕೈ ನೋಡಿದ್ರಾ?’ ಎಂದರು. ದಾಜಿ ನೋಡಲಿಲ್ಲ. ಅವರನ್ನು ಹಗ್ಗದ ಕೆಲಸದಿಂದ ಇಳಿಸಿ, ಕೆಳಗೆ ಪೈಪಿನ ಹತ್ತಿರ ಕಲ್ಲು ಸರಿಸಲು ಹಾಕಿದರು.

ಆಚೆ ಬಂದ ಮೇಲೆ ದಾಜಿ ನನ್ನನ್ನು ತಡೆದು ನಿಲ್ಲಿಸಿದರು. ‘ಹೇಣ್ತಿ ತಮ್ಮಾಗಿ ನನ್ನ ಮಾನಾ ಕಳದಿ. ಊರಾಗ ಏನಂತ ಹೇಳಲಿ?’

‘ಜೀವಾ ಉಳದೈತಲ್ರಿ, ಅದನ್ನ ಹೇಳ್ರಿ’ ಎಂದೆ. ‘ಹೇಳೂ ಮುಂದ ಯಾರು ಉಳಿಸಿದ್ರು ಅನ್ನೂದನ್ನೂ ಹೇಳ್ರಿ.’

ಅದೇ ಕೊನೆಯ ಮಾತು. ಉಳಿದ ಚಪ್ಪಡಿಗಳನ್ನು ಗೆಳೆಯನೂ, ಕೈ ಮಾಗಿದ ಮೇಲೆ ನಾನೂ, ಒಂದೊಂದನ್ನೂ ತಂತಿಯಿಂದ ಬಿಗಿದು ಇಳಿಸಿದೆವು. ದಾಜಿ ಅದೇ ಶೆಡ್ಡಿನಲ್ಲಿ ಮಲಗುತ್ತಿದ್ದರು, ಅದೇ ಗಂಜಿ ಉಣ್ಣುತ್ತಿದ್ದರು, ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಸ್ಸಿನಲ್ಲಿ ಜತ್ತಕ್ಕೆ ಬರುವಾಗ ಬೇರೆ ಸೀಟು ಹಿಡಿದು ಕುಳಿತರು. ಫೋನಿನಲ್ಲಿ ಊರಿಗೆ ಸುದ್ದಿ ಮೊದಲೇ ಮುಟ್ಟಿತ್ತು: ತಮ್ಮ ಹಗ್ಗ ಬಿಟ್ಟ. ಹಿಡಿದದ್ದು ಯಾರ ಬಾಯಲ್ಲೂ ಇರಲಿಲ್ಲ. ಚಹಾದಂಗಡಿಯಲ್ಲಿ ಒಬ್ಬರು ‘ಈಗಿನ ಹುಡುಗರು’ ಎಂದು ಶುರು ಮಾಡಿದರು. ನಾನು ಅಂಗೈ ಬಿಚ್ಚಿ ಅವರ ಮೂಗಿನ ಹತ್ತಿರ ಹಿಡಿದೆ, ಚಹಾ ಕುಡಿಯದೆ ಎದ್ದು ಬಂದೆ. ಅಕ್ಕನ ಮನೆಯ ಕಡೆ ಹೋಗಲಿಲ್ಲ. ಅವಳೂ ಕರೆಯಲಿಲ್ಲ. ಅದೇ ನನ್ನನ್ನು ಒಳಗೊಳಗೆ ತಿನ್ನುತ್ತಿತ್ತು.

ಮಳೆಗಾಲ ಕಳೆದು ನಮ್ಮ ಸೀಮೆಯ ಸೊರಡಿಯಲ್ಲಿ ಬಾವಿಯ ಕೆಲಸ ಬಂತು. ಗುಂಪು ಒಂದೇ, ಯಾರಿ ಒಂದೇ, ಹೋಗದೆ ವಿಧಿಯಿಲ್ಲ. ನಾನೂ ಬಿಳೂರಿನ ಗೆಳೆಯನೂ ಮುಂಚೆಯೇ ಹೋಗಿ ಬಾವಿಯ ದಂಡೆಯ ಕರಿಗಲ್ಲಿನಲ್ಲಿ ಎರಡು ಬೋಲ್ಟು ಕೂರಿಸಿದೆವು. ದಾಜಿ ಬಂದು ನೋಡಿ, ನೋಡದವರಂತೆ ಆಚೆ ಹೋಗಿ ನಿಂತರು. ಕಾಯಿ ಒಡೆದದ್ದಾಯಿತು. ದಾಜಿಯ ಸೊಂಟಕ್ಕೆ ಹಗ್ಗ ಕಟ್ಟಿದ್ದಾಯಿತು. ತುದಿಯನ್ನು ಅಕ್ಕನ ಕೈಗೆ ಕೊಟ್ಟು ದಾಜಿ ಎಲ್ಲರಿಗೂ ಕೇಳುವಂತೆ ಹೇಳಿದರು: ‘ಯಾರ ಕೈಯಾಗ ಕೊಡತಿ ಕೊಡು. ಮಂದಿ ಅದಾರ.’

ಅಕ್ಕ ಹಗ್ಗ ಹಿಡಿದು ನನ್ನ ಮುಂದೆ ಬಂದು ನಿಂತಳು. ನಾನು ಕೈ ಚಾಚಲಿಲ್ಲ. ಕೊಟ್ಟರೆ ಒಲ್ಲೆ ಎನ್ನಬೇಕು ಎಂದು ಹಲ್ಲು ಕಚ್ಚಿ ನಿಂತಿದ್ದೆ. ಅವಳು ನನ್ನ ಎಡಗೈ ಹಿಡಿದು ತಿರುಗಿಸಿ ಅಂಗೈ ನೋಡಿದಳು. ಬಲಗೈಯನ್ನೂ ನೋಡಿದಳು. ಆಮೇಲೆ ಬೋಲ್ಟಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತಳು.

‘ಬಾ ಇಲ್ಲಿ. ಗಂಟು ಹೆಂಗ ಹಾಕೂದು, ತೋರಸು.’

ಗುಂಪಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಹಿರಿಯರು ‘ಏ ತಂಗಿ, ಪದ್ಧತಿ ಐತಿ’ ಎಂದರು.

ಅಕ್ಕ ಕುಳಿತಲ್ಲಿಂದಲೇ ತಿರುಗಿದಳು. ಅವಳ ಆ ದನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ‘ಪದ್ಧತಿ ನಿಮ್ಮದ್ರಿ ಕಾಕಾ. ನನ್ನ ಯಾರರ ಕೇಳೀರೇನು? ಇಷ್ಟು ವರ್ಷ ಇದನ್ನ ಇವನ ಕೈಯಾಗ ಇಟ್ಟೀನಿ, ಇಟ್ಟು ಮನಿಗಿ ಹೋಗಿ ಒಂದ ತುತ್ತು ಇಳದಿಲ್ಲ ಗಂಟಲದಾಗ. ಕೈ ಜಾರಿದ್ರ ಗಂಡ ಹೋಗ್ತಾನ. ಗಂಡನ್ನ ಕೊಂದ ತಮ್ಮನ ಮಾರಿ ಹೆಂಗ ನೋಡಲಿ? ತವರಿಗೆ ಯಾವ ಕಾಲಿಲೆ ಹೋಗಲಿ? ಒಂದ ಹಗ್ಗದಾಗ ಇಬ್ಬರನೂ ಕಟ್ಟಿ ನನ್ನ ಕೈಲೇ ಕೊಡಸತಿದ್ರಿ, ಮ್ಯಾಲ ತಲಿ ಆಡಸತಿದ್ರಿ.’

ನಾನು ಪಕ್ಕದಲ್ಲಿ ಕುಳಿತು ಗಂಟು ತೋರಿಸಿದೆ. ಮೊದಲ ಸಲ ತಪ್ಪಿದಳು. ಎರಡನೆಯ ಸಲ ಸರಿ ಬಂತು. ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು.

ದಾಜಿ ಬಾವಿಯ ದಂಡೆಯಲ್ಲಿ ಬುಟ್ಟಿಯ ಪಕ್ಕ ನಿಂತೇ ಇದ್ದರು. ಅಕ್ಕನನ್ನು ಕೇಳಿದರು: ‘ಬಿಗಿ ಐತೇನ?’

‘ನನ್ನ ಕೇಳಬ್ಯಾಡ್ರಿ. ಕಟ್ಟಿದ್ದ ಬೋಲ್ಟ್ ಯಾರು ಕುಂದರ್ಸ್ಯಾರ, ಅವರನ್ನ ಕೇಳ್ರಿ.’

ದಾಜಿ ಬಿಳೂರಿನ ಗೆಳೆಯನ ಕಡೆ ನೋಡಿದರು. ಅವನು ಪಾನಾ ಒರೆಸುತ್ತಾ ನಿಂತಿದ್ದ. ಯಾರಿಯ ಮೋಟಾರು ಚಾಲೂ ಆಗಿ ಗುರುಗುಡುತ್ತಿತ್ತು.

‘ಬಿಗಿ ಐತೇನಪಾ?’ ಎಂದು ಕೇಳಿದರು ದಾಜಿ.

‘ಐತ್ರಿ ಮಾಮಾ. ಬಂದು ಜಗ್ಗಿ ನೋಡ್ರಿ.’

ದಾಜಿ ಬಂದರು, ಜಗ್ಗಿದರು, ಬುಟ್ಟಿ ಹತ್ತಿ ಕೆಳಗೆ ಹೋದರು. ತಪ್ಪಾಯಿತು ಎನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ. ಬಾವಿಯ ಬಾಯಲ್ಲಿ ಬರಿಗೈಯಲ್ಲಿ ನಿಂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕು ತಿಳಿಯದೆ ನಿಂತಿದ್ದೆ.

‘ಏನ್ ನೋಡತಿ?’ ಎಂದಳು ಅಕ್ಕ, ಕಣ್ಣು ಒರೆಸಿಕೊಳ್ಳುತ್ತಾ. ‘ಕೈ ಖಾಲಿ ಅದಾವಲ್ಲ, ಹೋಗಿ ಕಲ್ಲು ಹೊರು.’